ಇಂದಿನ ಧಮ್ಮ ಚಿಂತನೆ: ಅಪ್ಪನ ಮಿಲ್ಲಿಂಗ್ ಮಿಷನ್





ಹೋದ ತಿಂಗಳು ಮಂಡ್ಯದ ನಮ್ಮ ಭಾನುವಾರದ ಅಧ್ಯಯನದಲ್ಲಿ ಒಬ್ಬ ತಾಯಿ ಕೇಳಿದರು: "ಉಪಾದಾನ ಬಿಡಬೇಕು ಅಂತೀರಿ. ಹಂಗಾದ್ರೆ ತೀರಿಹೋದವರ ನೆನಪನ್ನೂ ಬಿಡಬೇಕಾ?" ಅಂದು ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಅದೇ ಪ್ರಶ್ನೆ ನಮ್ಮ ಮನೆಯ ಹಿಂದಿನ ಶೀಟಿನ ಕೆಳಗೆ ತುಕ್ಕು ಹಿಡಿದು ನಿಂತಿತ್ತು.

ಅದು ಅಪ್ಪನ ಮಿಲ್ಲಿಂಗ್ ಮಿಷನ್. ಹಿಟ್ಟಿನ ಮಿಲ್ಲಲ್ಲ, ಕಬ್ಬಿಣ ಕೊರೆದು ಗೇರಿಗೆ ಹಲ್ಲು ಕಡಿಯುವ ಯಂತ್ರ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್.ಎಂ.ಟಿ.ಯ ಹಳೆಯ ಮಾಲು. ಅಪ್ಪ ಹುಡುಗನಾಗಿದ್ದಾಗ ಒಂದು ವರ್ಕ್‌ಶಾಪಿಗೆ ಸೇರಿದರು. ಕೇರಿಯ ಹುಡುಗ ಎಂದು ಎರಡು ವರ್ಷ ಯಂತ್ರ ಮುಟ್ಟಲು ಬಿಡಲಿಲ್ಲ, ಕಬ್ಬಿಣದ ಪುಡಿ ಗುಡಿಸಿದರು. ಒಂದು ರಾತ್ರಿ ಮಳವಳ್ಳಿ ಕಡೆಯ ಆಲೆಮನೆಯವರು ಮುರಿದ ಗೇರ್ ಹಿಡಿದು ಓಡಿಬಂದರು. ಕಡಿದ ಕಬ್ಬು ಕಾಯುವುದಿಲ್ಲ, ಒಣಗಿದಷ್ಟೂ ರಸ ಕಡಿಮೆ. ಕೆಲಸದವರು ಯಾರೂ ಇರಲಿಲ್ಲ. ನೋಡಿ ನೋಡಿಯೇ ಕಲಿತಿದ್ದ ಅಪ್ಪ ಬೆಳಗಿನೊಳಗೆ ಹೊಸ ಗೇರ್ ಮಾಡಿಕೊಟ್ಟರು. ಮುಂದೆ ಅವರು ಕಡಿದ ಹಲ್ಲು ಎಲ್ಲರ ಆಲೆಮನೆಯಲ್ಲೂ ತಿರುಗಿತು. ವರ್ಕ್‌ಶಾಪ್ ಮುಚ್ಚಿದಾಗ ಬಾಕಿ ಸಂಬಳದ ಬದಲಿಗೆ ಆ ಯಂತ್ರ ನಮ್ಮ ಮನೆಗೆ ಬಂತು.

20 ಹಲ್ಲಿನ ಗೇರ್ ಮಾಡಬೇಕಾದರೆ, ಡಿವೈಡಿಂಗ್ ಹೆಡ್ ಎಂಬ ಸಾಧನದ ಹಿಡಿಯನ್ನು ಒಂದೊಂದು ಹಲ್ಲಿಗೂ ಎರಡು ಸುತ್ತು ತಿರುಗಿಸಬೇಕು. ಹಿಡಿ 40 ಸುತ್ತು ತಿರುಗಿದರೆ ಗೇರ್ ಒಂದು ಸುತ್ತು. ಎಣಿಕೆ ಎಲ್ಲಾದರೂ ತಪ್ಪಿದರೆ ಕೊನೆಯ ಹಲ್ಲು ಕೂಡುವುದಿಲ್ಲ. ಆ ಹೊತ್ತಿನಲ್ಲಿ ಅಪ್ಪ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಸಮ್ಯಕ್ ಸ್ಮೃತಿ ಎಂಬ ಮಾತನ್ನು ಓದುವ ಮೊದಲೇ ನಾನು ಅದನ್ನು ಕಣ್ಣಾರೆ ಕಂಡಿದ್ದೆ.

ಅಪ್ಪ ಹೋದ ಮೇಲೆ ತಮ್ಮ, "ಗುಜರಿಗೆ ಹಾಕೋಣ ಅಕ್ಕ" ಎಂದ. ನಾನು ಸಿಟ್ಟಾದೆ. ಚೀಟಿಯ ದುಡ್ಡಿನಲ್ಲಿ ರಿಪೇರಿ ಮಾಡಿಸಿ, ಬಣ್ಣ ಬಳಿಸಿ, ಮುಂದಿನ ಪಡಸಾಲೆಯಲ್ಲಿ ನಿಲ್ಲಿಸಬೇಕೆಂದಿದ್ದೆ. ಅಕ್ಕತಮ್ಮ ಎರಡು ತಿಂಗಳು ಮಾತು ಬಿಟ್ಟೆವು.

ಹಳೆಯ ಯಂತ್ರದ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದಲ್ಲ. 1933ರಲ್ಲಿ ಸ್ಥಾಪನೆಯಾದ ಮೈಷುಗರ್ ಕಾರ್ಖಾನೆಯನ್ನು ದುರಸ್ತಿ ಮಾಡುವುದೋ, ಹೊಸದು ಕಟ್ಟುವುದೋ ಎಂಬ ಚರ್ಚೆಯನ್ನು ವರ್ಷಗಟ್ಟಲೆ ಕೇಳಿದ್ದೇವೆ. ಅಲ್ಲಿ ರೈತರ ಬದುಕಿನ ಪ್ರಶ್ನೆ ಇದೆ. ನಮ್ಮ ಮನೆಯಲ್ಲಿ ಇದ್ದದ್ದು ಯಾವ ಪ್ರಶ್ನೆ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಐಟಿಐ ಓದಿ ಮದ್ದೂರಿನಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟಿದ್ದಾನೆ. ಅವನನ್ನು ಕರೆಸಿದೆ. "ಮಿಸ್, ಬಣ್ಣ ಆಮೇಲೆ. ಮೊದಲು ಏನಿದೆ ನೋಡೋಣ" ಎಂದ. ಸೀಮೆಎಣ್ಣೆ ಹಾಕಿ ಒರೆಸಿ, ಮೇಜನ್ನು ಕೈಯಿಂದಲೇ ಈ ತುದಿಯಿಂದ ಆ ತುದಿಗೆ ಓಡಿಸಿದ. ನಡುವೆ ಸಡಿಲ, ಎರಡೂ ತುದಿಯಲ್ಲಿ ಬಿಗಿ. ವರ್ಷಾನುಗಟ್ಟಲೆ ಕೆಲಸ ನಡೆದದ್ದು ನಡುವಿನಲ್ಲೇ, ಹಾಗಾಗಿ ಅಲ್ಲೇ ಸವೆದಿದೆ. ಮೇಜು ಅಲ್ಲಾಡದಂತೆ ಹಿಡಿಯಲು ಗಿಬ್ ಎಂಬ ಪಟ್ಟಿ ಇರುತ್ತದೆ. ನಡುವಿಗೆ ಸರಿಯಾಗಿ ಬಿಗಿದರೆ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ತುದಿಗೆ ಸರಿ ಮಾಡಿದರೆ ನಡುವೆ ಅದುರುತ್ತದೆ.

ಆಗ ನನಗೆ ಸೋಣ ಭಿಕ್ಷುವಿನ ನೆನಪಾಯಿತು. ಕಾಲಲ್ಲಿ ರಕ್ತ ಬರುವಷ್ಟು ನಡೆದು ಸಾಧನೆ ಮಾಡಿ, ಫಲ ಕಾಣದೆ ಸೋತು ಕೂತಿದ್ದ ಅವನಿಗೆ ಭಗವಾನರು ವೀಣೆಯ ತಂತಿಯ ಉದಾಹರಣೆ ಕೊಟ್ಟರು. ಅತಿ ಬಿಗಿಯೂ ಬೇಡ, ಅತಿ ಸಡಿಲವೂ ಬೇಡ. ನಾನು ಅಪ್ಪನ ನೆನಪನ್ನು ಅತಿ ಬಿಗಿಯಾಗಿ ಹಿಡಿದಿದ್ದೆ, ತಮ್ಮ ಸಡಿಲ ಬಿಟ್ಟಿದ್ದ. ಇಬ್ಬರೂ ಯಂತ್ರವನ್ನು ನೋಡಿರಲೇ ಇಲ್ಲ.

ಹುಡುಗ ಲೆಕ್ಕ ಹೇಳಿದ. ಸವೆದ ಜಾರುಮೈಯನ್ನು ಗ್ರೈಂಡ್ ಮಾಡಿಸಲು ಬೆಂಗಳೂರಿಗೆ ಸಾಗಿಸಬೇಕು, ತೂಕ ಒಂದು ಟನ್ನಿಗೂ ಹೆಚ್ಚು. ಮೋಟಾರು ತ್ರೀ ಫೇಸ್, ಮನೆಯಲ್ಲಿರುವುದು ಸಿಂಗಲ್ ಫೇಸ್. ಪಡಸಾಲೆಯ ನೆಲ ಆ ಭಾರ ತಡೆಯುವುದಿಲ್ಲ. ಕೊನೆಗೆ ಮೆಲ್ಲಗೆ ಕೇಳಿದ: "ಮಿಸ್, ಇದರಲ್ಲಿ ಕೆಲಸ ಮಾಡೋರು ಯಾರು?"

ನನ್ನ ಬಳಿ ಉತ್ತರವಿರಲಿಲ್ಲ. ಬಾಗಿಲಲ್ಲಿ ಕೂತಿದ್ದ ಅವ್ವ ಹೇಳಿದರು: "ನಿಮ್ಮಪ್ಪ ಕೆಲ್ಸ ಇಲ್ದೆ ಒಂದಿನ ಕೂತೋರಲ್ಲ. ಅವರ ಮಿಷನ್ನ ಯಾಕೆ ಕೂರಿಸ್ತೀಯವ್ವ?"

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ, ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದೂ ಒಂದು. ಅದನ್ನು ಸ್ವೀಕರಿಸಿದ ನಾನು ಪಡಸಾಲೆಯಲ್ಲಿ ಕಬ್ಬಿಣದ ಶ್ರಾದ್ಧಕ್ಕೆ ಹೊರಟಿದ್ದೆ.

ಗೋಣಿಚೀಲದಲ್ಲಿ ಎಣ್ಣೆ ಹಚ್ಚಿ ಸುತ್ತಿಟ್ಟಿದ್ದ ಡಿವೈಡಿಂಗ್ ಹೆಡ್ ಮಾತ್ರ ಚೆನ್ನಾಗಿತ್ತು. ಹುಡುಗನ ಬಳಿ ಮಿಷನ್ ಇದೆ, ಹೆಡ್ ಇರಲಿಲ್ಲ. ಅದನ್ನೂ ಕಟರ್‌ಗಳನ್ನೂ ಅವನಿಗೆ ಕೊಟ್ಟೆವು. ಉಳಿದದ್ದನ್ನು ತಮ್ಮ ಹಳೆಯ ಮಿಷನ್ ವ್ಯಾಪಾರಿಗೆ ಮಾರಿದ. ಲಾರಿ ಹೊರಟಾಗ ನಾನು ಅತ್ತೆ, ತಮ್ಮನೂ ಅತ್ತ. ಅದಕ್ಕೆ ನಾಚಿಕೆ ಏನಿಲ್ಲ.

ಸವೆತ ಕಡಿಮೆ ಇದ್ದು, ದುಡಿಯುವ ಕೈ ಇದ್ದಿದ್ದರೆ ರಿಪೇರಿ ಮಾಡಿಸುವುದೇ ಸರಿಯಾಗುತ್ತಿತ್ತು. ಇಟ್ಟುಕೊಂಡರೆ ಉಪಾದಾನ, ಕೊಟ್ಟರೆ ತ್ಯಾಗ ಎಂಬ ಸುಲಭ ಲೆಕ್ಕ ಧಮ್ಮದಲ್ಲಿಲ್ಲ. ಇದ್ದದ್ದನ್ನು ಇದ್ದಂತೆ ನೋಡಿ ನಿರ್ಧರಿಸುವುದು ಧಮ್ಮ. ಮಂಗಳ ಸುತ್ತದಲ್ಲಿ ಕೃತಜ್ಞತೆಯೂ ಒಂದು ಮಂಗಳ. ಆ ತಾಯಿಗೆ ಇದೇ ನನ್ನ ಉತ್ತರ: ನೆನಪು ಬಿಡಬೇಕಿಲ್ಲ ಅವ್ವ, ಅದನ್ನು ಕೆಲಸಕ್ಕೆ ಹಚ್ಚಬೇಕು.

ಮೊನ್ನೆ ಹುಡುಗ ಫೋನ್ ಮಾಡಿದ್ದ. ಒಂದು ಆಲೆಮನೆಗೆ 20 ಹಲ್ಲಿನ ಗೇರ್ ಮಾಡಿದನಂತೆ. "ಮಿಸ್, ಕೊನೇ ಹಲ್ಲು ಸರಿಯಾಗಿ ಕೂಡ್ತು" ಎಂದ.

*ಇಂದಿನ ಅಭ್ಯಾಸ:* ಮನೆಯಲ್ಲಿ ಬಿಡಲೂ ಆಗದೆ ಬಳಸಲೂ ಆಗದೆ ಇಟ್ಟಿರುವ ಒಂದು ವಸ್ತುವಿನ ಮುಂದೆ ಐದು ನಿಮಿಷ ಕೂತು ಕೇಳಿಕೊಳ್ಳಿ.
1. ಇದರಲ್ಲಿ ಏನು ಸವೆದಿದೆ, ಏನು ಗಟ್ಟಿಯಿದೆ?
2. ಇದನ್ನು ಬಳಸುವ ಕೈ ಯಾರದು?
3. ನಾನು ಉಳಿಸಲು ಹೊರಟಿರುವುದು ವಸ್ತುವನ್ನೋ, ನನ್ನ ದುಃಖವನ್ನೋ?

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು 🙏