ಏರು ಒಂದೇ, ಏರುವವರು ಇಬ್ಬರು



ಭಾನುವಾರ ನಸುಕಿನಲ್ಲಿ ಮಂಚನಬೆಲೆಯ ತಿರುವುಗಳಲ್ಲಿ, ಸಾವನದುರ್ಗದ ಬುಡದಲ್ಲಿ, ರಾಮನಗರದಿಂದ ಮಾಗಡಿಗೆ ಹೋಗುವ ದಾರಿಯಲ್ಲಿ ಎರಡು ಬಗೆಯ ಸೈಕಲ್ಲುಗಳನ್ನು ಕಾಣಬಹುದು. ಒಂದು ಬೆಂಗಳೂರಿನಿಂದ ಬಂದದ್ದು. ಹತ್ತು ಕಿಲೋ ಕೂಡ ತೂಗದ ಹಗುರ ಸೈಕಲ್ಲು, ಹಲವು ಗೇರು, ಸವಾರನ ತಲೆಗೆ ಹೆಲ್ಮೆಟ್, ಮೈಗೆ ಬಣ್ಣದ ಅಂಗಿ. ಅವನಿಗೆ ತಲುಪಲೇಬೇಕಾದ ಊರಿಲ್ಲ. ಏರು ಬಂದರೆ ಹಿಗ್ಗುತ್ತಾನೆ. ಇನ್ನೊಂದು ಇಲ್ಲಿಯದೇ. ಗೇರಿಲ್ಲದ ಹಳೆಯ ಭಾರದ ಸೈಕಲ್ಲು, ಹಿಂದೆ ಹಾಲಿನ ಕ್ಯಾನೋ ಹಿಪ್ಪುನೇರಳೆ ಸೊಪ್ಪಿನ ಹೊರೆಯೋ ಇರುತ್ತದೆ. ಏರು ಬಂದರೆ ಅದರ ಸವಾರ ಇಳಿದು ತಳ್ಳುತ್ತಾನೆ.

ಕೆಂಗಲ್ಲಿನ ಆಸುಪಾಸಿನ ಮನೆಗಳಲ್ಲಿ ಈ ಎರಡು ಸೈಕಲ್ಲುಗಳೂ ಈಗ ಒಂದೇ ಗೋಡೆಗೆ ಒರಗಿ ನಿಲ್ಲುವುದುಂಟು. ತಂದೆ ರೇಷ್ಮೆ ಗೂಡಿನ ಚೀಲ ಹೇರಿಕೊಂಡು ರಾಮನಗರದ ಮಾರುಕಟ್ಟೆಗೆ ತುಳಿದವರು. ಮಗ ಓದಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಅವನು ಒಂದು ಜೊತೆ ಎತ್ತಿನ ಬೆಲೆ ಕೊಟ್ಟು ಸೈಕಲ್ ತಂದಾಗ ತಂದೆಗೆ ನಗುವುದೋ ಅಳುವುದೋ ತಿಳಿಯದು. “ನಾವು ತುಳಿದದ್ದು ನೀನು ತುಳಿಯಬಾರದು ಅಂತ ಅಲ್ಲವೇನಪ್ಪ?” ಎಂದು ಅವರು ಕೇಳುವ ಪ್ರಶ್ನೆ ಹಾಸ್ಯದ ಮಾತಲ್ಲ. ಯಾವ ಲಾಭವೂ ಇಲ್ಲದೆ, ಬೇಕೆಂದೇ ಪಡುವ ಶ್ರಮಕ್ಕೆ ಬೆಲೆಯುಂಟೇ? ಬಡತನ ಹೊರಿಸಿದ ಕಷ್ಟವನ್ನು ಉಳ್ಳವರು ಆಟವಾಗಿಸಿಕೊಳ್ಳುವುದು ಸರಿಯೇ?

ಈ ಪ್ರಶ್ನೆಗೆ ಅವಸರದ ಉತ್ತರಗಳು ಎರಡಿವೆ. ‘ಉಪಯೋಗವಿಲ್ಲದ್ದು ವ್ಯರ್ಥ’ ಎಂಬುದು ಮೊದಲನೆಯದು. ಅದನ್ನು ಒಪ್ಪಿದರೆ ಹಾಡು, ಹಬ್ಬ, ಮಗುವಿನೊಡನೆ ಆಡುವ ಆಟ ಎಲ್ಲವೂ ವ್ಯರ್ಥವೇ ಆದೀತು. ಪ್ರಾರ್ಥನೆಯನ್ನೂ ಲಾಭದಿಂದಲೇ ಅಳೆಯಬೇಕಾದೀತು. ಸಂತ ತೋಮಾಸ್ ಅಕ್ವೀನಾಸರು ಹಾಗೆ ಎಣಿಸಲಿಲ್ಲ. ಸದಾ ಬಾಗಿಸಿಯೇ ಇಟ್ಟ ಬಿಲ್ಲು ಮುರಿಯುವ ಹಾಗೆ ಬಿಡುವಿಲ್ಲದ ಮನಸ್ಸೂ ಮುರಿಯುತ್ತದೆ ಎಂಬ ಹಳೆಯ ದೃಷ್ಟಾಂತವನ್ನು ಎತ್ತಿಕೊಂಡು, ಮಿತವಾದ ಆಟವಿನೋದದಲ್ಲಿಯೂ ಒಂದು ಸದ್ಗುಣವಿದೆ ಎಂದು ಅವರು ಬೋಧಿಸಿದರು.

‘ಕಷ್ಟಪಟ್ಟರೆ ಸಾಕು, ಅದೇ ಪುಣ್ಯ’ ಎಂಬುದು ಎರಡನೆಯ ಉತ್ತರ. ಇದನ್ನೂ ಅದೇ ಸಂತರು ಒಪ್ಪುವುದಿಲ್ಲ. ಸದ್ಗುಣದ ಅಳತೆ ಕಷ್ಟದಲ್ಲಿಲ್ಲ, ಒಳಿತಿನಲ್ಲಿದೆ ಎಂಬುದು ಅವರ ನಿಲುವು. ಏದುಸಿರು ಬಿಟ್ಟ ಮಾತ್ರಕ್ಕೆ ಯಾರೂ ಒಳ್ಳೆಯವರಾಗುವುದಿಲ್ಲ.

ಹಾಗಾದರೆ ಇಬ್ಬರು ಸವಾರರ ನಡುವಿನ ವ್ಯತ್ಯಾಸ ಎಲ್ಲಿದೆ? ಗೇರಿನಲ್ಲಿದೆ ಎನ್ನುವಂತಿಲ್ಲ. ಗೇರು ಬೆಟ್ಟವನ್ನು ತಗ್ಗಿಸುವುದಿಲ್ಲ. ಒಂದೊಂದು ತುಳಿತವನ್ನು ಹಗುರ ಮಾಡಿ, ತುಳಿತಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ ಅಷ್ಟೇ. ಏರಿದ ಎತ್ತರಕ್ಕೆ ತಕ್ಕ ಶ್ರಮವನ್ನು ಯಾರಾದರೂ ತೆರಲೇಬೇಕು. ನಿಜವಾದ ವ್ಯತ್ಯಾಸ ಬೇರೆ: ಸಾಕೆನಿಸಿದಾಗ ನಿಲ್ಲಿಸುವ ಸ್ವಾತಂತ್ರ್ಯ ಒಬ್ಬನಿಗಿದೆ, ಇನ್ನೊಬ್ಬನಿಗಿಲ್ಲ. ನಾಲ್ಕನೇ ಜ್ವರದಿಂದ ಎದ್ದ ರೇಷ್ಮೆ ಹುಳು ಭಾನುವಾರವೆಂದು ಹಸಿವು ತಡೆಯುವುದಿಲ್ಲ. ಮಳೆ ಬಂದರೂ ಮೈಗೆ ಜ್ವರ ಬಂದರೂ ಸೊಪ್ಪು ಮನೆ ಸೇರಲೇಬೇಕು.

ಕನಕಪುರದ ಹಾರೋಬೆಲೆಯಲ್ಲಿ ನಮ್ಮ ಜನ ತಪಸ್ಸುಕಾಲದಲ್ಲಿ ಏರುವ ಬೆಟ್ಟಕ್ಕೆ ಕಪಾಲಬೆಟ್ಟ ಎಂದು ಹೆಸರು. ಜೆರುಸಲೇಮಿನ ಆ ಮೊದಲ ಕಪಾಲ ಸ್ಥಳದ ದಾರಿಯಲ್ಲಿ ಶಿಲುಬೆಯನ್ನು ಹೊತ್ತವರು ಇಬ್ಬರು. ಪ್ರಭು ಯೇಸು ತಾವಾಗಿಯೇ, ಪ್ರೀತಿಯಿಂದ ಹೊತ್ತರು. ಸಿರೇನ್ ಊರಿನ ಸಿಮೋನ ಹಾಗಲ್ಲ. ಹಳ್ಳಿಯ ಕಡೆಯಿಂದ ಬರುತ್ತಿದ್ದವನನ್ನು ಸೈನಿಕರು ಹಿಡಿದು, ಬಲವಂತದಿಂದ ಹೊರಿಸಿದರು. ಅದೇ ದಾರಿ, ಅದೇ ಮರ. ಒಬ್ಬರದು ಸ್ವಇಚ್ಛೆ, ಇನ್ನೊಬ್ಬನದು ಬಲವಂತ. ಆದರೆ ಒಂದು ಮಾತನ್ನು ಗಮನಿಸಿರಿ: ತಾನಾಗಿಯೇ ಹೊತ್ತ ಪ್ರಭು, ಬಲವಂತಕ್ಕೆ ಸಿಕ್ಕಿದವನಿಂದ ದೂರ ಸರಿಯಲಿಲ್ಲ. ಇಬ್ಬರೂ ಜೊತೆಯಾಗಿಯೇ ಏರಿದರು.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನನಗೆ ತೋರುತ್ತದೆ. ಸ್ವಇಚ್ಛೆಯ ಶ್ರಮ ವ್ಯರ್ಥವೂ ಅಲ್ಲ, ತನ್ನಷ್ಟಕ್ಕೇ ಪುಣ್ಯವೂ ಅಲ್ಲ. ಬೇರೆ ದಾರಿಯಿಲ್ಲದೆ ಹೊರೆ ಹೊತ್ತವನನ್ನು ಗುರುತಿಸಲು ಅದು ನಮಗೆ ಕಲಿಸಿದರೆ ಒಳ್ಳೆಯದು. ಅವನನ್ನು ಕಾಣದಂತೆ ಕಣ್ಣು ಕಟ್ಟಿದರೆ ಕೆಟ್ಟದ್ದು.

ಇಟಲಿಯಲ್ಲಿ, ಆಲ್ಪ್ಸ್ ಪರ್ವತಗಳ ತಪ್ಪಲಿನ ಕೋಮೋ ಸರೋವರದ ಮೇಲಿನ ಗುಡ್ಡದಲ್ಲಿ, ಗಿಸಾಲ್ಲೋ ಮಾತೆಯ ಪುಟ್ಟ ದೇವಾಲಯವಿದೆ. 1949ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ಸರು ಆ ಮಾತೆಯನ್ನು ಸೈಕಲ್ ಸವಾರರ ಪಾಲಕಿ ಎಂದು ಸಾರಿದರು. ಅಲ್ಲಿ ತೂಗುಹಾಕಿರುವ ಹೆಸರಾಂತ ಸೈಕಲ್ಲುಗಳಲ್ಲಿ ಜೀನೋ ಬಾರ್ತಾಲಿಯದೂ ಒಂದು. ಆತ ಭಕ್ತ ಕಥೋಲಿಕ. 1938ರಲ್ಲಿಯೂ ಹತ್ತು ವರ್ಷಗಳ ನಂತರ 1948ರಲ್ಲಿಯೂ ಫ್ರಾನ್ಸಿನ ಮಹಾ ಸೈಕಲ್ ಸ್ಪರ್ಧೆಯನ್ನು ಗೆದ್ದವನು. ಈ ಎರಡು ಗೆಲುವುಗಳ ನಡುವೆ ಯುದ್ಧ ಬಂತು. ಜರ್ಮನ್ ಸೈನ್ಯ ಇಟಲಿಯಲ್ಲಿದ್ದಾಗ, ಅಭ್ಯಾಸಕ್ಕೆ ಹೊರಟವನಂತೆ ಕಾಣಿಸಿಕೊಂಡು, ಅಡಗಿದ್ದ ಯೆಹೂದ್ಯರನ್ನು ಉಳಿಸುವ ಗುರುತಿನ ಕಾಗದಗಳನ್ನು ಸೈಕಲ್ಲಿನಲ್ಲಿ ಬಚ್ಚಿಟ್ಟು ಸಾಗಿಸಿದ ಕಾರಣಕ್ಕೆ, ಜೆರುಸಲೇಮಿನ ಯಾದ್ ವಾಷೆಮ್ ಸಂಸ್ಥೆ 2013ರಲ್ಲಿ ಅವನನ್ನು ‘ಜನಾಂಗಗಳ ನಡುವಿನ ನೀತಿವಂತ’ರ ಸಾಲಿಗೆ ಸೇರಿಸಿತು. ಆ ವೇಳೆಗೆ ಆತ ತೀರಿಕೊಂಡು ಹದಿಮೂರು ವರ್ಷಗಳಾಗಿದ್ದವು. ಆಟಕ್ಕೆಂದು ಬಲಿತ ಕಾಲು, ಓಡಲಾರದವರ ಕಾಲಾಯಿತು.

ನಮ್ಮ ದಾರಿಗಳಲ್ಲಿ ಅಂಥ ಸಾಹಸ ಬೇಕಿಲ್ಲ. ಕಣ್ಣು ತೆರೆದಿದ್ದರೆ ಸಾಕು. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ಲುಗಳನ್ನು ನಿಷೇಧಿಸಲಾಯಿತು. ಅಪಘಾತ ತಪ್ಪಿಸಲು ಮಾಡಿದ ನಿಯಮವಿದು. ಆದರೆ ನಿಧಾನವಾಗಿ ಹೋಗುವವನಿಗೆ ಉಳಿದಿರುವುದು ಸರ್ವೀಸ್ ರಸ್ತೆ, ಕೆಂಗಲ್ ಆಂಜನೇಯನ ಗುಡಿಯ ಮುಂದೆ ಹಾಯುವ ಹಳೆಯ ರಸ್ತೆ, ಬೆಟ್ಟದ ಒಳದಾರಿಗಳು. ಅಲ್ಲಿಯೂ ಅವನನ್ನು ಅಂಚಿಗೆ ತಳ್ಳಿದರೆ ಅವನು ಹೋಗುವುದೆಲ್ಲಿಗೆ? ಬಲವುಳ್ಳವನು ಬಲವಿಲ್ಲದವನಿಗೆ ದಾರಿ ಬಿಡಬೇಕು. ಈ ನಿಯಮ ಕಾರಿನವನಿಗೆ ಮಾತ್ರವಲ್ಲ. ಕಾರಿನ ಮುಂದೆ ದುರ್ಬಲನಾದ ಹವ್ಯಾಸಿ ಸವಾರ, ಇಳಿಜಾರಿನ ತಿರುವಿನಲ್ಲಿ ರಭಸದಿಂದ ಬರುವಾಗ, ಸೊಪ್ಪು ಹೊತ್ತ ತಾಯಿಯ ಮುಂದೆ ಬಲಶಾಲಿಯೇ. ಬ್ರೇಕಿನ ಮೇಲಿರುವ ಅವನ ಬೆರಳಲ್ಲಿ ನೆರೆಯವರ ಪ್ರೀತಿ ಇರಬೇಕು.

ಮನೆಗಳಲ್ಲಿ ಈ ಹವ್ಯಾಸವನ್ನು ತೂಗಿ ನೋಡಲು ಅಕ್ವೀನಾಸರು ವಿನೋದಕ್ಕೆ ಹೇಳಿದ ಮೂರು ಎಚ್ಚರಿಕೆಗಳೇ ಸಾಕು. ಮೊದಲನೆಯದು, ಅದರಲ್ಲಿ ಅಸಭ್ಯವಾದದ್ದೂ ಯಾರಿಗಾದರೂ ಹಾನಿ ತರುವಂಥದ್ದೂ ಇರಬಾರದು. ಎರಡನೆಯದು, ಮನಸ್ಸಿನ ಸಮತೋಲ ಪೂರ್ತಿ ತಪ್ಪಬಾರದು: ಬಾಯಲ್ಲಿ ಬರೀ ಕಿಲೋಮೀಟರಿನ ಲೆಕ್ಕ, ತಲೆಯಲ್ಲಿ ಪಕ್ಕದವನನ್ನು ಹಿಂದೆ ಹಾಕುವ ಹಟ, ಸಾಲ ಮಾಡಿ ಹೊಸ ಚಕ್ರ ಕೊಳ್ಳುವ ಆಸೆ ಇದ್ದರೆ ಆಟವೇ ಒಡೆಯನಾಯಿತು ಎಂದರ್ಥ. ಮೂರನೆಯದು, ವ್ಯಕ್ತಿ, ಸಮಯ, ಸ್ಥಳಗಳಿಗೆ ಅದು ಹೊಂದಬೇಕು. ಭಾನುವಾರ ಬೆಳಿಗ್ಗೆ ಬೆಟ್ಟಕ್ಕೆ ಹೋಗುವವನು ಶನಿವಾರ ಸಂಜೆಯ ಅಥವಾ ಭಾನುವಾರ ಸಂಜೆಯ ಬಲಿಪೂಜೆಯ ಸಮಯವನ್ನು ಮೊದಲೇ ನೋಡಿಕೊಳ್ಳಲಿ. ವಾರವಿಡೀ ಒಬ್ಬಳೇ ಮಗುವನ್ನು ನೋಡಿಕೊಂಡ ಹೆಂಡತಿಗೂ ಒಂದು ಬೆಳಗಿನ ಬಿಡುವಿದೆಯೇ ಎಂದು ಕೇಳಿಕೊಳ್ಳಲಿ.

ಮಕ್ಕಳೇ, ನಿಮ್ಮ ತಂದೆಯ ಹಳೆಯ ಸೈಕಲ್ಲನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಅದರಲ್ಲಿ ಭಾರ ಕಟ್ಟಿಕೊಂಡು ಏರು ತುಳಿದು ನೋಡಿರಿ. ದಾರಿಯಲ್ಲಿ ಯಾರಾದರೂ ಹೊರೆ ತಳ್ಳುತ್ತಿದ್ದರೆ ಇಳಿದು ಒಂದು ಕೈ ಕೊಡಿರಿ. ನಿಮ್ಮ ಆ ದಿನದ ಸರಾಸರಿ ವೇಗ ಕಡಿಮೆಯಾದೀತು, ಸವಾರಿ ಸಾರ್ಥಕವಾದೀತು.

ತಂದೆಯರೇ, ನಿಮಗೂ ಒಂದು ಮಾತು. ಸಂತ ಮಾರ್ಕನು ಸಿಮೋನನನ್ನು ಪರಿಚಯಿಸುವುದು ಅಲೆಕ್ಸಾಂಡರ್ ಮತ್ತು ರೂಫರ ತಂದೆ ಎಂದು. ಬಲವಂತದ ಹೊರೆ ಹೊತ್ತವನ ಮಕ್ಕಳನ್ನು ಅಂದಿನ ವಿಶ್ವಾಸಿಗಳು ಹೆಸರು ಹಿಡಿದು ಬಲ್ಲವರಾಗಿದ್ದರು ಎಂದು ಇದರಿಂದ ತಿಳಿಯಬಹುದು. ನಿಮ್ಮ ಮಗ ಇಂದು ಇಷ್ಟಪಟ್ಟು ಏರು ತುಳಿಯುತ್ತಿದ್ದಾನೆಂದರೆ, ಬೇಡವೆನಿಸಿದಾಗ ನಿಲ್ಲಿಸುವ ಆ ಸ್ವಾತಂತ್ರ್ಯವನ್ನು ಅವನಿಗೆ ಗಳಿಸಿಕೊಟ್ಟವರು ನೀವೇ. ಅದು ನಿಮ್ಮ ಶ್ರಮಕ್ಕೆ ಅವಮಾನವಲ್ಲ, ಅದರ ಫಲ. ಆ ಫಲವನ್ನು ಅವನು ಇತರರೊಡನೆ ಹಂಚಿಕೊಂಡು ತಿನ್ನುವಂತೆ ಕಲಿಸಿರಿ. ದಾರಿಯಲ್ಲಿರುವ ಎಲ್ಲರನ್ನೂ, ತುಳಿಯುವವರನ್ನೂ ತಳ್ಳುವವರನ್ನೂ, ಪ್ರಭು ಕಾಯಲಿ.