ಮಾತು ಅದೇ, ಮಟ್ಟು ಬೇರೆ

2022ರ ನವೆಂಬರ್ ಕೊನೆಯ ವಾರ. ರಾತ್ರಿ ಊಟವಾದ ಮೇಲೆ ಮೊಮ್ಮಗಳು ಟಿವಿಗೆ ‘ಕಾಂತಾರ’ ಹಾಕಿದಳು. ಆಗತಾನೇ ಅದು ಓಟಿಟಿಗೆ ಬಂದಿತ್ತು. ಥಿಯೇಟರಿನಲ್ಲಿ ಇಬ್ಬರೂ ಕೂಡಿ ಒಮ್ಮೆ ನೋಡಿದ್ದೆವು. ಗೆಳತಿಯರ ಸಂಗಡ ಅವಳು ಇನ್ನೆರಡು ಸಲ ನೋಡಿದ್ದಳು. ಕೊನೆಯ ಹಾಡು ಹತ್ತಿರ ಬರುತ್ತಿದ್ದ ಹಾಗೆ ದಿಂಬನ್ನು ತೊಡೆಯ ಮೇಲೆಳೆದುಕೊಂಡು ನೆಟ್ಟಗೆ ಕೂತಳು. ಬತ್ತಿ ಹೊಸೆಯುತ್ತಿದ್ದ ನಾನು ಅರಳೆಯನ್ನು ಪಕ್ಕಕ್ಕಿಟ್ಟೆ.

‘ವರಾಹ ರೂಪಂ’ ಶುರುವಾಯಿತು. ಶಶಿರಾಜ್ ಕಾವೂರು ಬರೆದ ಸಾಹಿತ್ಯ ಹಾಗೇ ಇತ್ತು. ಪರದೆಯ ಮೇಲೆ ಅದೇ ದೈವ, ಅದೇ ಬೆಂಕಿಯ ಬೆಳಕು, ಅದೇ ಕುಣಿತ. ಮಟ್ಟು ಮಾತ್ರ ಬೇರೆ. ಕೇರಳದ ಒಂದು ಸಂಗೀತ ತಂಡ ತಮ್ಮ ಹಾಡಿಗೂ ಇದಕ್ಕೂ ಹೋಲಿಕೆಯಿದೆ ಎಂದು ಕೋರ್ಟಿಗೆ ಹೋಗಿತ್ತು. ಹಾಗಾಗಿ ಅಜನೀಶ್ ಲೋಕನಾಥರ ಮೊದಲಿನ ಮಟ್ಟನ್ನು ತೆಗೆದು ಇನ್ನೊಂದನ್ನು ಕೂರಿಸಿದ್ದರು. ಸ್ವಲ್ಪ ದಿನಕ್ಕೆ ಮೊದಲಿನದೇ ತಿರುಗಿ ಬಂತು. ಆ ರಾತ್ರಿ ಅದು ನಮಗೆ ಗೊತ್ತಿರಲಿಲ್ಲ. ಹುಡುಗಿ ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು, ಭಕ್ತಿಗಲ್ಲ, ನಿರಾಸೆಗೆ.

“ಆಯಿ, ಮಾತು ಅವೇ ಅದಾವ. ದೇವರು ಎಲ್ಲಿಗಿ ಹೋದ?”

ನಾನು ಮೂವತ್ತೊಂದು ವರ್ಷ ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಇಷ್ಟು ನೇರವಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಆ ರಾತ್ರಿ ಉತ್ತರ ಹೇಳಲು ಆಗಲಿಲ್ಲ. ಈಗ ಹೇಳಲು ನೋಡುತ್ತಿದ್ದೇನೆ.

ಆ ವರ್ಷ ಸಿನಿಮಾ ಬಿಡುಗಡೆಯಾದದ್ದು ಸೆಪ್ಟೆಂಬರ್ 30ಕ್ಕೆ, ನವರಾತ್ರಿಯ ನಡುವೆ. ನಾವು ಹೋದದ್ದು ದಸರೆಯ ಮರುದಿನ. ನನ್ನ ಪರ್ಸಿನಲ್ಲಿ ಯಾರೋ ಕೊಟ್ಟ ಬನ್ನಿ ಎಲೆ ಇನ್ನೂ ಇತ್ತು. ಕರಾವಳಿಯ ದೈವಗಳ ಬಗ್ಗೆ ನನಗಿದ್ದದ್ದು ಪುಸ್ತಕದ ತಿಳಿವಳಿಕೆ ಅಷ್ಟೇ. ಪಂಜುರ್ಲಿ, ಗುಳಿಗ ಎಂಬ ಹೆಸರುಗಳನ್ನು ಬಿಟ್ಟರೆ ಅವುಗಳೊಂದಿಗೆ ನನಗೆ ನಂಟಿಲ್ಲ. ನಮ್ಮ ಮನೆದೇವರೇ ಬೇರೆ. ಹಾಗಿದ್ದೂ ಆ ಹಾಡು ಏರುತ್ತಾ ಹೋದ ಹಾಗೆ ಮೊಣಕೈಯಿಂದ ಹೆಗಲವರೆಗೆ ರೋಮ ನಿಂತವು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು, ಧೋತರ, ಬಿಳಿ ಟೋಪಿ, ಎರಡೂ ಕೈ ಮುಗಿದು ಹಾಡು ಮುಗಿಯುವ ತನಕ ಇಳಿಸಲೇ ಇಲ್ಲ. ಮನೆಗೆ ಬಂದ ಮೇಲೂ ನನ್ನ ಕಿವಿಯಲ್ಲಿ ಅದೇ. ಮರುದಿನ ಹೂ ಏರಿಸುವಾಗ ಬಾಯಲ್ಲಿ ದಿನದ ಸ್ತೋತ್ರ, ಒಳಗೆ ಆ ಹಾಡಿನ ಗಿಟಾರು. ಒಂದೇ ಸಲಕ್ಕೆ ಎರಡೂ.

ನಮ್ಮ ಶುಕ್ರವಾರದ ಭಜನಾ ಮಂಡಳಿಯಲ್ಲಿ ಇದನ್ನು ಹೇಳಿಕೊಂಡೆ. ಹಾರ್ಮೋನಿಯಂ ಹಿಡಿಯುವ ಕಾಕು ಕೂಡಲೇ ಅಂದರು, “ಅದು ಭಕ್ತಿ ಅಲ್ಲವ್ವಾ, ಬರೇ ಕಿವಿ ಚಪಲ. ದಮ್ಮು ದಮ್ಮು ಬಡದ್ರ ಯಾರಿಗಾದ್ರೂ ಮೈ ಝುಂ ಅಂತದ.” ಕಾಕು ಸಿಟ್ಟಿನಿಂದ ಹೇಳಿದ್ದಲ್ಲ. ಐವತ್ತು ವರ್ಷ ದಾಸರ ಪದ ಹಾಡಿದವರು. ಅವರ ಮಾತನ್ನು ತಳ್ಳಿಹಾಕುವಷ್ಟು ದೊಡ್ಡವಳು ನಾನಲ್ಲ. ಹಾಗಂತ ಒಪ್ಪಲೂ ಆಗಲಿಲ್ಲ.

ರೋಮಾಂಚದ ವಿಷಯವೇ ವಿಚಿತ್ರ. ಭರತನ ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತದೆ. ರೋಮ ನಿಲ್ಲುವುದು, ಕಣ್ಣೀರು, ದನಿ ಒಡೆಯುವುದು, ನಡುಕ ಎಲ್ಲವೂ ಅದರಲ್ಲಿವೆ. ಅವನು ಹೇಳಿದ್ದು ರಂಗದ ಸಲುವಾಗಿ. ಮುಂದೆ ಭಕ್ತಿಪಂಥದವರು ಇವೇ ಎಂಟನ್ನು ಎತ್ತಿಕೊಂಡು ಭಕ್ತನ ಲಕ್ಷಣ ಎಂದರು. ನಾಟಕ ನೋಡುವವನ ಮೈಯೂ ದೇವರನ್ನು ನೆನೆಯುವವನ ಮೈಯೂ ಒಂದೇ ರೀತಿ ಜುಮ್ಮೆನ್ನುತ್ತವೆ. ಮೈಗೆ ಬೇರೆ ಭಾಷೆಯೇ ಇಲ್ಲ. ‘ಸಾಹಿತ್ಯದರ್ಪಣ’ದ ವಿಶ್ವನಾಥ ರಸದ ಸವಿಯನ್ನು ಬ್ರಹ್ಮಾನಂದದ ಸವಿಗೆ ಸಹೋದರ ಎಂದು ಕರೆದ. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ ಓದುವಾಗ ಈ ಮಾತಿನ ಅಡಿಗೆ ನಾನು ಪೆನ್ಸಿಲ್ ಗೆರೆ ಎಳೆದಿದ್ದೆ. ಆಗ ಅದು ಹೊಗಳಿಕೆಯ ಮಾತು ಅನ್ನಿಸಿತ್ತು. ಈಗ ಬಹಳ ಎಚ್ಚರದ ಮಾತು ಅನ್ನಿಸುತ್ತದೆ. ಅವನು ಎರಡೂ ಒಂದೇ ಅನ್ನಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವು ಅಂದ. ಕತ್ತಲಲ್ಲಿ ಅಣ್ಣನ ದನಿ ಕೇಳಿ ತಮ್ಮ ಬಂದ ಎಂದುಕೊಳ್ಳುವುದು ಮನೆಮನೆಯಲ್ಲೂ ಇದ್ದದ್ದೇ.

ಮೊಮ್ಮಗಳ ಪ್ರಶ್ನೆಗೆ ಒಂದು ತುದಿ ಸಿಕ್ಕಿದ್ದು ಅಪ್ಪನ ನೆನಪಿನಿಂದ.

ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಹುಟ್ಟಿದ್ದು ಶಿಗ್ಗಾವಿ ತಾಲೂಕಿನ ಒಂದು ಹಳ್ಳಿಯಲ್ಲಿ, ಶಿಶುನಾಳಕ್ಕೆ ನಡೆದು ಹೋಗುವಷ್ಟು ದೂರ. ಅವನ ಹುಡುಗತನವೆಲ್ಲ ತತ್ವಪದದ ಭಜನೆಯಲ್ಲಿ ಕಳೆದಿತ್ತು. ಏಕತಾರಿ, ದಮ್ಮಡಿ, ತಾಳ. ಒಬ್ಬ ಒಂದು ಸಾಲು ಎತ್ತಿ ಕೊಟ್ಟರೆ ಉಳಿದವರು ಅದನ್ನು ಎಳೆದು, ತಿರುಗಿಸಿ, ಮತ್ತೆ ಎಳೆದು, ಬೆಳತನಕ. ಸಿ. ಅಶ್ವಥ್ ಅವರು ಶಿಶುನಾಳದ ಸಂತಕವಿ ಶರೀಫರ ಪದಗಳಿಗೆ ಹೊಸ ಮಟ್ಟು ಹಾಕಿದ ಕ್ಯಾಸೆಟ್ಟನ್ನು ನನ್ನ ತಮ್ಮ ತಂದ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದ ಮೇಲಂತೂ ಓಣಿಯ ಪ್ರತಿ ಮನೆಯಲ್ಲೂ ಅದೇ. ನಾವೆಲ್ಲ ಹುಚ್ಚಾಗಿದ್ದೆವು. ಅಶ್ವಥ್ ದನಿ ಎತ್ತಿದರೆ ಗೋಡೆಗೆ ಆನಿಸಿಟ್ಟ ಟೇಪ್‌ರೆಕಾರ್ಡರೇ ನಡುಗುತ್ತಿತ್ತು. ಅಪ್ಪ ಎರಡು ಪದ ಕೇಳಿ ಎದ್ದು ಬಂದು ಗುಂಡಿ ಒತ್ತಿ ನಿಲ್ಲಿಸಿದ.

“ಶರೀಫಜ್ಜ ಹಿಂಗ ಹಾಡಿದ್ನೇನು?”

ಯಾರೂ ಮಾತಾಡಲಿಲ್ಲ. ಆ ಹೊತ್ತಿಗೆ ನನಗೆ ಹೊಳೆಯದಿದ್ದ ಉತ್ತರ ಆಮೇಲೆ ಹೊಳೆಯಿತು. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರು ಹಾಡಿದ ಮಟ್ಟನ್ನು ಹಿಡಿದಿಟ್ಟ ಯಂತ್ರ ಯಾವುದೂ ಇಲ್ಲ. ಅಪ್ಪನ ಮಟ್ಟೂ ಬಾಯಿಂದ ಬಾಯಿಗೆ ಬರುವಾಗ ಪ್ರತಿ ಊರಿನಲ್ಲಿ ಒಂದಿಷ್ಟು ಬಾಗಿ, ಒಂದಿಷ್ಟು ಕಳೆದು, ಒಂದಿಷ್ಟು ಕೂಡಿ ಬಂದದ್ದು. ಒಂದಾನೊಂದು ದಿನ ಅದೂ ಹೊಸದೇ ಆಗಿತ್ತು. ಕೇಳಿದ ಯಾರೋ ಒಬ್ಬ ಮುದುಕ ಅವತ್ತೂ ಮುಖ ಗಂಟು ಹಾಕಿರಬೇಕು, ಪಕ್ಕದ ಹುಡುಗನ ಮೈ ಅವತ್ತೂ ಜುಮ್ಮೆಂದಿರಬೇಕು. ಪುರಂದರದಾಸರದೂ ಇದೇ ಕಥೆ. ಅವರು ಕಟ್ಟಿದ ಮಟ್ಟುಗಳಲ್ಲಿ ಬಹುಪಾಲು ನಮಗೆ ಉಳಿದಿಲ್ಲ. ಉಳಿದದ್ದು ಮಾತು. ‘ಭಾಗ್ಯದ ಲಕ್ಷ್ಮಿ ಬಾರಮ್ಮ’ವನ್ನು ಮೈಸೂರು ಕಡೆಯವರು ಮಧ್ಯಮಾವತಿಯಲ್ಲಿ ಹಾಡುತ್ತಾರೆ. ನಮ್ಮ ಮಂಡಳಿ ಭೀಮಸೇನ ಜೋಶಿಯವರು ಹಾಡಿದ ಧಾಟಿಯಲ್ಲಿ ಹಾಡುತ್ತದೆ, ಕಾಕು ಸಹಿತ. ಲಕ್ಷ್ಮಿ ಎರಡೂ ಕಡೆ ಬರುತ್ತಾಳೆ.

ಅಪ್ಪ ಹದಿನೈದು ದಿನ ಸಿಟ್ಟಿನಲ್ಲಿದ್ದ. ಆಮೇಲೊಂದು ಬೆಳಿಗ್ಗೆ ಹಿತ್ತಲಲ್ಲಿ ಕನ್ನಡಿ ಗೂಟಕ್ಕೆ ನೇತುಹಾಕಿ ದಾಡಿ ಮಾಡಿಕೊಳ್ಳುತ್ತಿದ್ದ. ಅವ್ವ ನನ್ನನ್ನು ಸನ್ನೆ ಮಾಡಿ ಕರೆದಳು. ಸಾಬೂನಿನ ನೊರೆಯೊಳಗಿಂದ ಗುನುಗು ಬರುತ್ತಿತ್ತು. ಅಶ್ವಥ್ ಮಟ್ಟು.

ಆದ್ದರಿಂದ, ಮಗಳೇ, ದೇವರು ಎಲ್ಲಿಗೂ ಹೋಗಿರಲಿಲ್ಲ. ನೀನು ಅವನನ್ನು ಒಂದು ಬಾಗಿಲಲ್ಲಿ ಕಂಡಿದ್ದೆ, ಆ ಬಾಗಿಲು ಆ ರಾತ್ರಿ ಮುಚ್ಚಿತ್ತು. ಬಾಗಿಲೇ ದೇವರಲ್ಲ ಎನ್ನುವುದು ಕಾಕುವಿನ ಮಾತು, ಅದು ಸರಿಯೇ. ಬಾಗಿಲಿಲ್ಲದೆ ನಾವು ಒಳಗೆ ಹೋಗುವುದು ಹೇಗೆ ಎನ್ನುವುದು ನನ್ನ ಮಾತು. ಮಾತಿನ ಅರ್ಥ ತಲೆಗೆ ತಲುಪುವ ಮುಂಚೆ ಮಟ್ಟು ಎದೆಗೆ ತಲುಪಿರುತ್ತದೆ. ನಾಲ್ಕು ತಿಂಗಳ ಕೂಸಿಗೆ ಜೋಗುಳದ ಅರ್ಥ ಏನು ಗೊತ್ತು? ನಿದ್ದೆಯಂತೂ ಬರುತ್ತದೆ.

ಆದರೆ ಒಂದು ಗಡಿಯಿದೆ, ಅದನ್ನೂ ಹೇಳಬೇಕು. ಆ ಸಿನಿಮಾ ನೋಡಿ ಬಂದ ಎಷ್ಟೋ ಜನ ದೈವದ ‘ಓ’ ಎಂಬ ಕೂಗನ್ನು ಥಿಯೇಟರಿನಲ್ಲಿ, ಬೀದಿಯಲ್ಲಿ ಕೂಗತೊಡಗಿದರು. ಹಾಗೆ ಮಾಡಬೇಡಿ, ಅದು ನಮ್ಮ ನಂಬಿಕೆ ಎಂದು ಸಿನಿಮಾದ ನಿರ್ದೇಶಕ, ನಾಯಕನಟ ರಿಷಬ್ ಶೆಟ್ಟಿಯವರೇ ಕೇಳಿಕೊಂಡರು. ಅವರು ಕೇಳಿಕೊಂಡದ್ದು ನನಗೆ ಸರಿ ಅನ್ನಿಸಿತು. ತುಳುನಾಡಿನಲ್ಲಿ ಆ ಕೂಗಿನ ಹಿಂದೆ ಪೀಳಿಗೆಗಳ ಸೇವೆಯಿದೆ, ವ್ರತವಿದೆ, ಒಂದು ನಿರ್ದಿಷ್ಟ ಜಾಗ, ಒಂದು ನಿರ್ದಿಷ್ಟ ರಾತ್ರಿ ಇದೆ. ಮೈ ಜುಮ್ಮೆನ್ನುವುದು ನನಗೆ ಸಿಕ್ಕ ಪ್ರಸಾದ. ಗರ್ಭಗುಡಿಯ ಬೀಗದ ಕೈ ನನಗೆ ಸಿಕ್ಕಿಲ್ಲ.

ಪ್ರಸಾದ ಎಂದೆ. ಆ ಶಬ್ದ ಸುಮ್ಮನೆ ಬರಲಿಲ್ಲ. ಒಂದು ಹೊಸ ಹಾಡು ನಿಜವಾಗಿ ಹಿಡಿಸಿದಾಗ ನಾವು ಮೊದಲು ಮಾಡುವ ಕೆಲಸ ಏನು? “ಇದನ್ನ ಕೇಳು ಇಲ್ಲಿ” ಎನ್ನುತ್ತೇವೆ. ಒಬ್ಬರೇ ಇಟ್ಟುಕೊಳ್ಳಲು ಆಗುವುದಿಲ್ಲ. ಮೊಮ್ಮಗಳು ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೂ ಗಣಪತಿ ಹಬ್ಬ ಹತ್ತಿರ ಬಂದರೆ ರಾತ್ರಿ ಹನ್ನೊಂದಕ್ಕೆ ಹೊಸ ಹಾಡು ಕಳಿಸುತ್ತಾಳೆ, ಕೇಳಿದೆನೋ ಇಲ್ಲವೋ ಎಂದು ಐದು ನಿಮಿಷಕ್ಕೆ ಫೋನ್ ಮಾಡುತ್ತಾಳೆ. ಮನೆಯಲ್ಲಿದ್ದಾಗ ಒಂದು ಇಯರ್‌ಫೋನನ್ನು ತನ್ನ ಕಿವಿಯಿಂದ ತೆಗೆದು, ದುಪಟ್ಟಾದ ಅಂಚಿಗೆ ಒರೆಸಿ, ನನ್ನ ಕಿವಿಗೆ ತಾನೇ ಇಡುತ್ತಿದ್ದಳು. ಹಾಡು ಕೇಳುವುದು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು, ಎಲ್ಲಿ ಕಣ್ಣರಳುತ್ತವೆ ಎಂದು. ಆ ನೋಟದಲ್ಲಿ ತನ್ನದು ಎಂಬುದು ಏನೂ ಇರುತ್ತಿರಲಿಲ್ಲ. ಅದನ್ನು ಕಿವಿಯ ಚಪಲ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಿಂದೊಂದು ವರ್ಷ ನಮ್ಮ ಓಣಿಯ ಗಣಪತಿ ಪೆಂಡಾಲಿನಲ್ಲಿ ಬೆಳಗಿಂದ ಸಂಜೆಯತನಕ ‘ಪ್ರೇಮಲೋಕ’ದ ಹಾಡು. ದೇವರ ಮುಂದೆ ಇದೇನು ಎಂದು ಹಿರಿಯರು ತಕರಾರು ತೆಗೆದಾಗ ಅವ್ವ ಕಡುಬಿನ ಪಾತ್ರೆ ಇಳಿಸುತ್ತಾ ಅಂದಿದ್ದಳು, “ಹುಡುಗೂರು ತಮಗ ಇಷ್ಟ ಆದದ್ದನ್ನ ಅವನಿಗಿ ಕೇಳಸಾಕತ್ತಾರ. ಗಣಪ್ಪನೂ ಕೇಳ್ಲಿ ಬಿಡ್ರಿ.” ಹಂಸಲೇಖರ ಆ ಸಿನಿಮಾ ಹಾಡು ನೈವೇದ್ಯವಾದದ್ದು ಅವಳಿಗೆ ಕಂಡಿತ್ತು.

ಅಪ್ಪನ ಕೊನೆಯ ವರ್ಷ. ಹಾಸಿಗೆ ಹಿಡಿದಿದ್ದ. ಒಂದು ಮಧ್ಯಾಹ್ನ ಶರೀಫಜ್ಜನ ಕ್ಯಾಸೆಟ್ ಹಾಕು ಎಂದ. ಟೇಪು ಹೊರಗೆ ಬಂದು ಸುತ್ತಿಕೊಂಡಿತ್ತು. ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲ್ ತುರುಕಿ ನಿಧಾನ ಸುತ್ತಿ ಸರಿಮಾಡಿದೆ. ಅಶ್ವಥ್ ಅವರ ದನಿ ಏರಿತು. ಅಪ್ಪನೂ ಕಣ್ಣು ಮುಚ್ಚಿ ಹಾಡತೊಡಗಿದ. ಆದರೆ ಅವನ ಬಾಯಿಂದ ಬಂದದ್ದು ಹಳ್ಳಿಯ ಮಟ್ಟು, ಏಕತಾರಿಯದು, ಎಳೆದು ಎಳೆದು. ಕ್ಯಾಸೆಟ್ಟು ಮೂರನೇ ನುಡಿಯಲ್ಲಿತ್ತು, ಅಪ್ಪ ಇನ್ನೂ ಪಲ್ಲವಿಯಲ್ಲೇ. ಶ್ರುತಿ ಕೂಡಲಿಲ್ಲ, ತಾಳ ಕೂಡಲಿಲ್ಲ. ಟೇಪ್‌ರೆಕಾರ್ಡರಿನ ದನಿ ತಗ್ಗಿಸಲು ಕೈ ಚಾಚಿದೆ. ಅಪ್ಪ ಕಣ್ಣು ತೆರೆಯದೆಯೇ ನನ್ನ ಕೈ ಹಿಡಿದು ತಡೆದ. ಇನ್ನೊಂದು ಕೈಯಿಂದ ಮಂಚದ ಪಟ್ಟಿಯ ಮೇಲೆ ತನ್ನ ತಾಳ ಬಡಿಯುತ್ತಲೇ ಇದ್ದ.