ಎಲೆಯ ಮೇಲಿನ ಅನ್ನವೂ ಪಂಕ್ತಿಯ ಭೇದವೂ

ಪ್ರಿಯರೇ, ಮನುಷ್ಯನು ತನ್ನ ಜನರು ಕಲಿಸಿದಂತೆಯೇ ಉಣ್ಣುತ್ತಾನೆ. ಮೈಸೂರು ಸೀಮೆಯವನಿಗೆ ರಾಗಿಯ ಮುದ್ದೆ, ಧಾರವಾಡದ ಕಡೆಯವನಿಗೆ ಜೋಳದ ರೊಟ್ಟಿ, ಮಂಗಳೂರಿನವನಿಗೆ ಕುಚ್ಚಲಕ್ಕಿಯ ಗಂಜಿ ಇಲ್ಲದಿದ್ದರೆ ಉಂಡಂತಾಗುವದಿಲ್ಲ. ಇದು ನೆಲದ ಬೆಳೆಯಿಂದಲೂ ತಾಯಂದಿರ ಕೈಯಿಂದಲೂ ಬಂದ ರೂಢಿ. ಇದರಲ್ಲಿ ದೋಷವೇನೂ ಇಲ್ಲ. ಸುವಾರ್ತೆಯನ್ನು ಅಂಗೀಕರಿಸಿದವನು ತನ್ನ ಮುದ್ದೆಯನ್ನು ಬಿಡಬೇಕಾಗಿಲ್ಲ.

ಆದರೆ ಏನನ್ನು ಉಣ್ಣಬೇಕೆಂದು ಕಲಿಸಿದ ಸಮಾಜವೇ ಯಾರ ಸಂಗಡ ಉಣ್ಣಬಾರದೆಂದೂ ಕಲಿಸಿತು. ಮೊದಲನೆಯ ಪಾಠವು ನಾಲಿಗೆಯಲ್ಲಿ ನಿಲ್ಲುತ್ತದೆ. ಎರಡನೆಯದು ಹೃದಯದಲ್ಲಿ ಬೇರೂರುತ್ತದೆ.

ಪೂರ್ವದ ರೋಮ್ ರಾಜ್ಯದಲ್ಲಿಯೂ ಹೀಗೆಯೇ ಇತ್ತು. ಒಬ್ಬ ಧನಿಕನು ಔತಣದಲ್ಲಿ ತನಗೂ ತನ್ನ ಸಮಾನರಿಗೂ ಒಂದು ದ್ರಾಕ್ಷಾರಸ, ಕೆಳದರ್ಜೆಯ ಸ್ನೇಹಿತರಿಗೆ ಮತ್ತೊಂದು, ಬಿಡುಗಡೆ ಹೊಂದಿದ ದಾಸರಿಗೆ ಇನ್ನೊಂದು ಬಡಿಸಿದನೆಂದು ಪ್ಲಿನಿ ಎಂಬ ರೋಮಿನ ಅಧಿಕಾರಿಯು ಪತ್ರವೊಂದರಲ್ಲಿ ಬರೆದಿದ್ದಾನೆ. ಇಂಥ ಭೇದವು ಕೊರಿಂಥದ ಸಭೆಯೊಳಗೂ ನುಗ್ಗಿತು. ಕರ್ತನ ಭೋಜನಕ್ಕೆ ಕೂಡಿಬಂದವರಲ್ಲಿ ಒಬ್ಬನು ಹಸಿದಿದ್ದನು, ಮತ್ತೊಬ್ಬನು ಕುಡಿದು ಅಮಲೇರಿದ್ದನು. ಅಪೊಸ್ತಲನಾದ ಪೌಲನು, ಇಲ್ಲದವರನ್ನು ನಾಚಿಕೆಪಡಿಸಿದ್ದಕ್ಕಾಗಿ ಅವರನ್ನು ಗದರಿಸಿ, ಒಬ್ಬರಿಗೊಬ್ಬರು ಕಾದುಕೊಂಡಿರಬೇಕೆಂದು ಬೋಧಿಸಿದನು.

ಪೇತ್ರನನ್ನೂ ನೋಡಿರಿ. ಯೊಪ್ಪದಲ್ಲಿ ದರ್ಶನ ಕಂಡು ಕೊರ್ನೇಲ್ಯನ ಮನೆಯನ್ನು ಹೊಕ್ಕವನು ಆತನೇ. ಆದರೂ ಅಂತಿಯೋಕ್ಯದಲ್ಲಿ, ಯೆರೂಸಲೇಮಿನಿಂದ ಕೆಲವರು ಬಂದಾಗ, ಅನ್ಯಜನರೊಳಗಿಂದ ಬಂದ ವಿಶ್ವಾಸಿಗಳ ಪಂಕ್ತಿಯನ್ನು ಬಿಟ್ಟು ಹಿಂಜರಿದನು. ಬಾರ್ನಬನೂ ಅವನ ಜೊತೆಗೆ ಸೇರಿಕೊಂಡನು. ಅವರು ಸುವಾರ್ತೆಯನ್ನು ಬಾಯಿಂದ ಅಲ್ಲಗಳೆಯಲಿಲ್ಲ. ಎದ್ದು ಬೇರೆ ಕಡೆ ಕೂತುಕೊಂಡರು, ಅಷ್ಟೇ. ಅಷ್ಟಕ್ಕೇ ಪೌಲನು ಎಲ್ಲರ ಮುಂದೆ ಪೇತ್ರನನ್ನು ಎದುರಿಸಿದನು. ನಾಲ್ಕು ಜನರ ಮಾತಿಗೆ ಅಂಜುವದು ಅಪೊಸ್ತಲನನ್ನೂ ಪಂಕ್ತಿಯಿಂದ ಎಬ್ಬಿಸೀತು.

1950ರಲ್ಲಿ ಜಾರಿಗೆ ಬಂದ ನಮ್ಮ ದೇಶದ ಸಂವಿಧಾನವು 17ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಆದರೆ ಕಾನೂನು ಚಹದಂಗಡಿಯ ಬೇರೆ ಲೋಟವನ್ನು ದಂಡಿಸಬಲ್ಲದೇ ಹೊರತು, ಮದುವೆಯ ಮನೆಯಲ್ಲಿ ನೆಂಟನ ಪಕ್ಕದಲ್ಲಿ ಕೂರಲು ಹಿಂಜರಿಯುವ ಮನಸ್ಸನ್ನು ತಿದ್ದಲಾರದು. ಆ ಕೆಲಸವು ಸಭೆಯದು.

ಆದದರಿಂದ ಪ್ರಿಯರೇ, ಮುಂದಿನ ಮದುವೆಯ ಊಟದಲ್ಲಿ ಎಲೆಯ ಮೇಲೆ ಏನಿದೆ ಎಂದು ನೋಡುವ ಮೊದಲು ಪಂಕ್ತಿಯನ್ನು ನೋಡೋಣ. ಕಡೆಯ ಪಂಕ್ತಿಗೆ ಯಾರನ್ನು ಉಳಿಸಿದ್ದೇವೆ? ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಹೆಂಗಸರು ಯಾರು? ಯಾರ ಮನೆಯ ನೀರನ್ನು ನೆವ ಹೇಳಿ ಕುಡಿಯದೆ ಬರುತ್ತೇವೆ? ಒಂದೇ ರೊಟ್ಟಿಯನ್ನು ಮುರಿದು ಹಂಚಿಕೊಂಡ ನಾವು ಹೊರಗೆ ಬಂದು ಎರಡು ಪಂಕ್ತಿಗಳಾಗಿ ಕೂರದಿರೋಣ. ಅವರನ್ನು ಕರೆದು ನಮ್ಮ ಪಕ್ಕದಲ್ಲಿಯೇ ಎಲೆ ಹಾಕಿಸೋಣ.